ಸರೋಜಾ ಒಯ್ಯದ ಉಡಿ

ದೆವ್ವ-ಭೂತದ ಮಾತೆತ್ತಿದರೆ ನಗುತ್ತಿದ್ದವಳು ನಾನು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳೇ ಅಂಥದ್ದನ್ನೆಲ್ಲ ನಂಬಿದರೆ ಮಕ್ಕಳ ಗತಿ ಏನು? ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಅಕ್ಕನ ಮಗಳ ಮದುವೆಯಲ್ಲಿ ಹಾಡಹಗಲೇ ಕಂಡದ್ದನ್ನು ಸುಳ್ಳೆನ್ನಲೂ ಆಗುತ್ತಿಲ್ಲ. ನೀವು ನಗುವುದಾದರೆ ನಗಿ, ನನಗೇನೂ ಬೇಸರವಿಲ್ಲ.

ಮೊದಲು ಕಾಲೇಜಿನ ಮಾತು. ತೊಂಬತ್ತರ ದಶಕದ ಕೊನೆಗೆ ನಾನು ಓದಿದ್ದು ಇಳಕಲ್ ಕಡೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಹುನಗುಂದದ ಬಸ್ಸಿನಲ್ಲಿ ನಿಂತೇ ಬರುವವರಿದ್ದರು, ಬೆಳಗ್ಗೆ ಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಓಡಿಬರುವವರಿದ್ದರು. ರೊಟ್ಟಿ ಡಬ್ಬಿ ತೆರೆದರೆ ಎಲ್ಲರ ಕೈಯೂ ಅದರೊಳಗೇ. ಇಷ್ಟರಲ್ಲಿ ಯಾರಿಗೋ ಮದುವೆ ನಿಕ್ಕಿಯಾಗುತ್ತಿತ್ತು, ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಆಗ ನಾವೇ ವರ್ಗದಲ್ಲಿ ಅವಳ ಉಡಿ ತುಂಬುತ್ತಿದ್ದೆವು: ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ಪದವಿ ತೆಗೆದುಕೊಂಡು ಹೋದವರಿಗಿಂತ ಉಡಿ ತುಂಬಿಸಿಕೊಂಡು ಹೋದವರೇ ಹೆಚ್ಚು.

ಬೇಡ ಎಂದವಳು ಸರೋಜಾ ಒಬ್ಬಳೇ. ನೇಕಾರರ ಮನೆಯ ಹುಡುಗಿ, ನನ್ನ ಬೆಂಚಿನವಳು. ಕೊನೆಯ ವರ್ಷದ ಪರೀಕ್ಷೆ ಹತ್ತಿರವಿತ್ತು, ಬರೆಸುತ್ತೇವೆಂದು ಗಂಡಿನ ಮನೆಯವರು ಮಾತು ಕೊಟ್ಟಿದ್ದರು. ನಾವು ಸೆರಗಿಗೆ ಸುರಿದ ಅಕ್ಕಿಯನ್ನು ಅವಳು ಮೂಲೆಯ ಕಿಟಕಿಯ ಕೆಂಪು ಕಲ್ಲಿನ ಕಟ್ಟೆಯ ಮೇಲೆ ಗುಡ್ಡೆ ಹಾಕಿದಳು. ಖಣವನ್ನು ಮಡಚಿ ಅದರ ಮೇಲೆ ಹೊದಿಸಿ, ಗಾಳಿಗೆ ಹಾರದಂತೆ ಕೊಬ್ಬರಿ ಬಟ್ಟಲನ್ನು ಬೋರಲು ಇಟ್ಟಳು.

"ಪರೀಕ್ಷಾ ಬರದ ಮ್ಯಾಲೆ ಒಯ್ತೇನಿ. ಅಲ್ಲೀ ಮಟ ಇಲ್ಲೇ ಇರ್ಲಿ, ಯಾರೂ ಮುಟ್ಟಬ್ಯಾಡ್ರಿ" ಎಂದಳು.

ಪರೀಕ್ಷೆಗೆ ಅವಳನ್ನು ಕಳಿಸಲಿಲ್ಲ. ವರ್ಷ ತುಂಬುವ ಮೊದಲೇ ಸ್ಟೋವ್ ಸಿಡಿದು ಸತ್ತಳೆಂದು ಸುದ್ದಿ ಬಂತು. ಆ ಕಾಲದ ಸ್ಟೋವುಗಳು ಸೊಸೆಯಂದಿರ ಕೈಯಲ್ಲಿ ಮಾತ್ರ ಸಿಡಿಯುತ್ತಿದ್ದವು, ಅತ್ತೆಯ ಕೈಯಲ್ಲಿ ಸಿಡಿದದ್ದನ್ನು ನಾನಂತೂ ಕೇಳಿಲ್ಲ. ಕಟ್ಟೆಯ ಮೇಲಿನ ಅಕ್ಕಿ ಗುಬ್ಬಿಗಳ ಪಾಲಾಯಿತು.

ಮುಂದೆ ಹುಡುಗಿಯರು ಸಾಲುತ್ತಿಲ್ಲವೆಂದು ಕಾಲೇಜನ್ನೇ ಮುಚ್ಚಿದರು. ಮದುವೆ ಮಾಡಿಮಾಡಿ ಖಾಲಿ ಮಾಡಿದ ಕಟ್ಟಡವನ್ನು ಕಲ್ಯಾಣ ಮಂಟಪ ಮಾಡಿದರು. ಅಕ್ಕನ ಮಗಳು ಕವಿತಾಳ ಮದುವೆ ನಡೆದದ್ದು ಅಲ್ಲಿಯೇ.

ಕವಿತಾ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆಗೆ ತಿಂಗಳೂ ಇರಲಿಲ್ಲ. ಬರೆಯಲು ಬಿಡಿ ಎಂದು ಎಲ್ಲರಿಗೂ ಕೈಮುಗಿದಿದ್ದಳು. ಬೀಗತಿ, ಅಂದರೆ ಹುಡುಗನ ತಾಯಿ, "ಸೊಸಿ ಬರದು ಯಾರಿಗೆ ತೋರ್ಸೂದೈತ್ರಿ?" ಎಂದು ಮಾತು ಮುಗಿಸಿದ್ದಳು. ನಾನು ಬಾಯಿ ಹಾಕಿದ್ದಕ್ಕೆ ಅಕ್ಕನೇ, "ಮದಿವಿ ಆಗದಾಕಿ, ನಿನಗೇನ್ ತಿಳೀತೈತಿ, ಸುಮ್ನಿರು" ಎಂದು ಗದರಿಸಿದಳು.

ಮದುಮಗಳ ಕೋಣೆಯೆಂದರೆ ನಮ್ಮದೇ ಹಳೆಯ ವರ್ಗ. ಕರಿಹಲಗೆಗೆ ಗುಲಾಬಿ ಬಣ್ಣ ಬಳಿದಿದ್ದರು. ಕಿಟಕಿ ಹಾಗೇ ಇತ್ತು. ಐದು ಜನ ಮುತ್ತೈದೆಯರು ಕವಿತಾಳ ಉಡಿ ತುಂಬಿ, ಸೆರಗನ್ನು ಬಿಗಿಯಾಗಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದರು. ಮದುವೆಯಾಗದ ನಾನು ಆ ಸಾಲಿನಲ್ಲಿ ನಿಲ್ಲುವಂತಿಲ್ಲ, ಗೋಡೆಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದೆ. ಹುಡುಗನ ದಿಬ್ಬಣ ಬಂತೆಂದು ಅವರೆಲ್ಲ ಹೊರಗೆ ಓಡಿದರು. ಯಾರೋ ಬಾಗಿಲಿಗೆ ಆರತಿ ತಟ್ಟೆ ತಂದರು. ಹೋಗಿ ಅದನ್ನು ತೆಗೆದುಕೊಂಡು ತಿರುಗಿದೆ.

ಕವಿತಾ ಕೂತಲ್ಲೇ ಕೂತಿದ್ದಳು. ಸೊಂಟದ ಗಂಟು ಕಟ್ಟಿದಂತೆಯೇ ಇತ್ತು, ಆದರೆ ಉಡಿ ಬರಿದಾಗಿತ್ತು. ಮೂಲೆಯ ಕಿಟಕಿಯ ಕಟ್ಟೆಯ ಮೇಲೆ ಅಕ್ಕಿಯ ಗುಡ್ಡೆ, ಅದರ ಮೇಲೆ ಮಡಚಿದ ಖಣ, ಖಣದ ಮೇಲೆ ಬೋರಲಾದ ಕೊಬ್ಬರಿ ಬಟ್ಟಲು. ನನ್ನ ಕೈಯ ತಟ್ಟೆ ನೆಲಕ್ಕೆ ಬಿತ್ತು.

ಸದ್ದಿಗೆ ಹೆಂಗಸರು ಬಂದರು, ಬೀಗತಿಯೂ ಬಂದಳು. "ಇದೇನ್ರಿ ಟೀಚರ್?" ಎಂದು ಕೇಳಿದಳು. ನಾನು ಸರೋಜಾಳ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಬೀಗತಿ ಕಿಟಕಿಗೆ ಕೈಮುಗಿದು, "ತಪ್ಪಾತವ್ವಾ. ಪರೀಕ್ಷಾ ಬರಸ್ತೇನಿ, ನಾನ ಕರ್ಕೊಂಡ್ ಹೋಗ್ತೇನಿ" ಎಂದಳು. ಮಾತು ಕೊಟ್ಟದ್ದು ಕವಿತಾಳಿಗಲ್ಲ, ಕಿಟಕಿಗೆ. ಆದರೂ ಅದನ್ನು ಉಳಿಸಿಕೊಂಡಳು. ಕವಿತಾ ಪರೀಕ್ಷೆ ಬರೆದು ಪಾಸಾದಳು.

ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಬದುಕಿದ್ದ ಹುಡುಗಿ ಕಾಲು ಹಿಡಿದರೂ ಕರಗದವರು ಸತ್ತವಳಿಗೆ ಹೆದರಿದರಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ನಡೆದದ್ದೇನೆಂದು ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಬೆನ್ನು ತಿರುಗಿಸಿದ್ದು ತಟ್ಟೆ ಇಸಕೊಳ್ಳುವಷ್ಟು ಹೊತ್ತು. ಅಷ್ಟರಲ್ಲಿ ಆ ಗಂಟು ಬಿಚ್ಚಿ ಮತ್ತೆ ಕಟ್ಟಲಾಗದು. ಸರೋಜಾ ಅದನ್ನೆಲ್ಲ ಹೇಗೆ ಇಟ್ಟಿದ್ದಳೆಂದು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಒಮ್ಮೆ ಕವಿತಾಳನ್ನೇ ಕೇಳಿಬಿಟ್ಟೆ, "ಖರೆ ಹೇಳು, ನೀನ ಮಾಡಿದ್ದೇನು?" ಎಂದು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಾ ಮಾಡೇನಿ ಅಂದಿದ್ರ ಬರೀಲಿಕ್ಕೆ ಬಿಡ್ತಿದ್ರೇನು, ಚಿಗವ್ವ?"