ರೆಸಿಸ್ಟೆನ್ಸ್ ಬಂತು, ಪೇಡಾ ಹಂಚಿದಳು

“ಅಣ್ಣಾ, ರಿಪೋರ್ಟ್ ಬಂದದರಿ. ನೋಡಿ ಹೇಳ್ರಿ.”

ಕಮಲಾ ಫೋನ್ ಮಾಡಿದಾಗ ನಾನು ಬೀದರಿನಲ್ಲಿ ಭಾಲ್ಕಿ ಬಸ್ಸಿಗೆ ಕಾಯುತ್ತಿದ್ದೆ. ದಿನವೂ ಅದೇ ಬಸ್ಸು, ಅದೇ ನೂಕುನುಗ್ಗಲು, ಅದೇ ಕಾಲೇಜು. ಸಾಕಾಗಿತ್ತು.

ಕಮಲಾ ನನ್ನ ತಂಗಿಯ ಗೆಳತಿ. (ಹೆಸರು ಬದಲಿಸಿದ್ದೇನೆ. ಬರೆಯಲು ಅವಳೇ ಒಪ್ಪಿದ್ದಾಳೆ.) ಔರಾದ ಕಡೆ ಠಾಣಾ ಕುಶನೂರಿನಲ್ಲಿರುತ್ತಾಳೆ. ಎಂಟು ವರ್ಷದಿಂದ ಎಚ್‌ಐವಿ ಗುಳಿಗೆ ನುಂಗುತ್ತಿದ್ದಾಳೆ. ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಈಚೆಗೆ ರಕ್ತದಲ್ಲಿ ವೈರಸ್ ಏರಿತ್ತು. ಯಾವ ಗುಳಿಗೆ ಇನ್ನೂ ನಾಟುತ್ತದೆ ಎಂದು ತಿಳಿಯಲು ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದ್ದರು.

ವಾಟ್ಸಾಪ್‌ನಲ್ಲಿ ಫೋಟೋ ಬಂತು. ಬಾಯಿ ತಿರುಗದ ಔಷಧಿ ಹೆಸರುಗಳು. ಎದುರಿಗೆ ‘ಹೈ ರೆಸಿಸ್ಟೆನ್ಸ್’. ರೆಸಿಸ್ಟೆನ್ಸ್ ಪವರ್ ಯಾರಿಗೆ ಗೊತ್ತಿಲ್ಲ? ಮಗು ಪದೇಪದೇ ಕೆಮ್ಮಿದರೆ ಅದೇ ಕಮ್ಮಿ ಎನ್ನುತ್ತೇವೆ. ಇವಳಿಗೆ ಜಾಸ್ತಿ ಇದೆ!

“ಭೇಷ್ ಕಮಲಾ! ನಿನಗ ರೆಸಿಸ್ಟೆನ್ಸ್ ಪವರ್ ಭಾಳ ಬಂದದ,” ಎಂದೆ. ಬಸ್ ಹತ್ತಿದೆ. (ಸೀಟು ಸಿಕ್ಕ ಖುಷಿ ಬೇರೆ.)

ಹನ್ನೆರಡು ದಿನದ ಮೇಲೆ ಅವಳ ಜೊತೆ ಬೀದರಿನ ಆಸ್ಪತ್ರೆಗೆ ಹೋದೆ. ಬಾಗಿಲ ಹೊರಗೆ ಸರದಿಗೆ ಕಾಯುವಾಗ ಹೇಳಿದಳು: “ಓಣಿಗೆಲ್ಲಾ ಪೇಡಾ ಹಂಚೀನ್ರಿ ಅಣ್ಣಾ. ಯಾಕಂತ ಕೇಳಿದ್ರ, ಅಕ್ಕನ ಮಗಳಿಗಿ ನೌಕರಿ ಸಿಕ್ಕದ ಅಂದೆ. ಶಕ್ತಿ ಬಂದದಲ್ಲ, ಗುಳಿಗಿನೂ ಬಿಟ್ಟೀನಿ.”

“ಗುಳಿಗಿ ಬಿಟ್ಟಿ?” ಎಂದೆ. ಅಷ್ಟರಲ್ಲಿ ಒಳಗೆ ಕರೆದರು.

ಡಾಕ್ಟರು ರಿಪೋರ್ಟ್ ನೋಡಿದರು. “ರೆಸಿಸ್ಟೆನ್ಸ್ ಬಂದದ್ದು ನಿಮಗಲ್ರಿ, ವೈರಸ್ಸಿಗಿ. ಹಳಿ ಗುಳಿಗಿಗಿ ಅದು ಬಗ್ಗಂಗಿಲ್ಲ. ಬ್ಯಾರೆ ಕೊಡ್ತೇನಿ. ಇವನ್ನೂ ಬಿಟ್ಟು ಬಿಟ್ಟು ತಗೊಂಡ್ರ ಮುಂದ ಕೊಡಲಿಕ್ಕಿ ಭಾಳ ಇಲ್ಲ.” ಆಮೇಲೆ ಅವಳ ಗುಳಿಗೆ ಡಬ್ಬಿ ತೆರೆದು ನೋಡಿದರು. “ಇಷ್ಟು ಉಳದಾವ? ಬಿಡು ಅಂತ ಯಾರ್ ಹೇಳಿದ್ರು?”



ಕಮಲಾ ನನ್ನ ಕಡೆ ನೋಡಲೂ ಇಲ್ಲ. “ಯಾರೂ ಹೇಳಿಲ್ರಿ. ನಾನೇ ಮರ್ತೇನ್ರಿ.”

ಬೈಸಿಕೊಂಡಳು. ಹೂಂ ಹೂಂ ಎಂದು ತಲೆಯಾಡಿಸಿದಳು. ಎಂಟು ವರ್ಷ ರೋಗ ಮುಚ್ಚಿಡಲು ಸುಳ್ಳು ಹೇಳಿ ಹೇಳಿ ದಣಿದವಳು, ಅವತ್ತು ನನ್ನ ಮಾನ ಮುಚ್ಚಲು ಇನ್ನೊಂದು ಹೇಳಿದಳು. ನಾನು ಪಕ್ಕದ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದೆ.

ಕಾಲೇಜಿನಲ್ಲಿ ನಾನು ಕಲಿಸುವುದು ಭಾಷೆ. ‘ನಾನೇ ಹೇಳಿದ್ದು’ ಎಂಬ ಎರಡು ಪದ ಬಾಯಿಗೆ ಬರಲಿಲ್ಲ.