ಹಿಂದಕ್ಕೆ ಪಡೆದ ಸಾಕ್ಷಿ

ರಕ್ತವನ್ನು ಮೊದಲು ನೋಡಿದವಳು ನನ್ನ ಹೆಂಡತಿ ಶಾಂತವ್ವ. ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದೆ. ತುಳಿಯುವ ಹಲಗೆಯಲ್ಲಿ ಮೊಳೆ ಎದ್ದಿತ್ತು. ಎಷ್ಟು ಹೊತ್ತಿನಿಂದ ಅದನ್ನೇ ತುಳಿಯುತ್ತಿದ್ದೆನೋ.

"ಅಯ್ಯ, ಏನ್ರಿ ಇದು! ರಕ್ತ ಹರಿಯಾಕತ್ತೇತಿ, ನಿಮಗ ಗೊತ್ತ ಆಗವಲ್ದಾ?"

ನೋವೇ ಇರಲಿಲ್ಲ.

ಶುಗರ್ ಇದ್ದವರ ಪಾದ ಹೀಗೆ ಜಡವಾಗುತ್ತದೆಂದು ಕೇಳಿದ್ದೆ. ಆದರೆ ನನಗೆ ಶುಗರ್ ಹೋಗಿತ್ತಲ್ಲ! ಮೂರು ತಿಂಗಳ ಹಿಂದೆ ರಿಪೋರ್ಟ್ ನಾರ್ಮಲ್ ಬಂದಾಗ, ಇಳಕಲ್ಲಿನ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದೆ: "ಸ್ವಾಮಿ ನನ್ನ ಶುಗರ್ ಬೇರಸಮೇತ ಕಿತ್ತ ಒಗದಾನ. ಇನ್ನ ಗುಳಿಗಿ ಮುಟ್ಟೂದಿಲ್ಲ." ಎಲ್ಲರೂ ಹಲ್ಲೆಲೂಯ ಎಂದರು. ಆಮೇಲೆ ಪಾಸ್ಟರ್ ನನ್ನನ್ನು ಬದಿಗೆ ಕರೆದು, "ಗುಳಿಗಿಯಿಂದನ ಕಡಿಮಿ ಆಗಿರಬೇಕ್ರಿ, ಬಿಡಬ್ಯಾಡ್ರಿ" ಎಂದರು. ನನಗಿಂತ ಚಿಕ್ಕವರು. ಸಿಟ್ಟು ಬಂತು. ಸಭೆಯ ಹಿರಿಯ ನಾನು, ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವವನು. ನನಗೇ ವಿಶ್ವಾಸದ ಪಾಠವೇ?

ಗಾಯಕ್ಕೆ ಅರಿಶಿನ ಹಚ್ಚಿ ಸುಮ್ಮನಾದೆ. ದವಾಖಾನೆಗೆ ಹೋದರೆ ಸಾಕ್ಷಿ ಸುಳ್ಳಾಗುತ್ತದಲ್ಲ. ಆರಾಧನೆಗೆ ಚಪ್ಪಲಿ ಹೊರಗೆ ಬಿಡಬೇಕು. ನಾನು ಆ ಬಿಸಿಲಲ್ಲೂ ಸಾಕ್ಸ್ ಹಾಕಿಕೊಂಡು ಚಾಪೆಯ ಮೇಲೆ ಕುಳಿತೆ. ಎರಡನೇ ವಾರಕ್ಕೆ ವಾಸನೆ ಬಂತು. ಪಕ್ಕದವರು ಸರಿದು ಕುಳಿತರು. ನಾನು ಇನ್ನಷ್ಟು ಜೋರಾಗಿ ಹಾಡಿದೆ.

ಜ್ವರ ಏರಿದ ಮೇಲೆ ಶಾಂತವ್ವ ನನ್ನ ಮಾತು ಕೇಳಲಿಲ್ಲ. ಬಾಗಲಕೋಟೆಗೆ ಕರೆದೊಯ್ದಳು.

"ಗ್ಯಾಂಗ್ರೀನ್ ಆಗೇತ್ರಿ," ಎಂದರು ಡಾಕ್ಟರ್. "ಎರಡು ಬೆರಳ ತಗೀಬೇಕು. ಪಾದ ಉಳಸಾಕ ನೋಡ್ತೇವಿ."

ಬೆರಳು ಹೋದವು. ಸೊಕ್ಕು ಹೋಗಲಿಲ್ಲ. ಶಾಂತವ್ವ ಬೆಡ್‌ಪ್ಯಾನ್ ಇಡುವಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದೆ: "ಸಭಾದವರು ಕೇಳಿದ್ರ ಬೈಕಿನಿಂದ ಬಿದ್ದಾರ ಅಂತ ಹೇಳು."

ಅವಳು ನನ್ನ ಹೊದಿಕೆ ಸರಿಮಾಡಿದಳು. ಆಮೇಲೆ ಅಂದಳು: "ರಾಹೇಲವ್ವ ನಿಮ್ಮ ಸಾಕ್ಷಿ ಕೇಳಿ ತನ್ನ ಶುಗರ್ ಗುಳಿಗಿ ಬಿಟ್ಟಾಳಂತ. ಕಣ್ಣ ಮಂಜ ಆಗ್ಯಾವಂತ."

ರಾಹೇಲವ್ವ ನಮ್ಮ ಸಭೆಯ ಹಿರಿಯ ಮುದುಕಿ. ತಾಯಿಯಿಲ್ಲದ ನಾನು ಆಕೆಯನ್ನೇ ಅವ್ವಾ ಎನ್ನುತ್ತೇನೆ.

ಅವತ್ತು ಅತ್ತುಬಿಟ್ಟೆ. ಆಕೆಗೆ ಫೋನ್ ಹಚ್ಚಿದೆ. "ಗುಳಿಗಿ ತಗೋ ಅವ್ವಾ, ನಾ ಹೇಳಿದ್ದು ಸುಳ್ಳು."

"ನೀ ದೇವರ ಮುಂದ ನಿಂತು ಹೇಳೀಯಪಾ. ಫೋನಿನ್ಯಾಗ ಹೇಳಿದ್ದು ನಾ ಕೇಳೂದಿಲ್ಲ."

ಡಿಸ್ಚಾರ್ಜ್ ಆದ ಮರುದಿನವೇ ಭಾನುವಾರ. ಇಬ್ಬರು ನನ್ನನ್ನು ಎತ್ತಿ ಒಳಗೆ ತಂದು ಕುರ್ಚಿಯಲ್ಲಿ ಕೂರಿಸಿದರು. ಸಾಕ್ಸ್ ಇಲ್ಲ. ಬ್ಯಾಂಡೇಜ್ ಸುತ್ತಿದ ಕಾಲು ಎಲ್ಲರಿಗೂ ಕಾಣುತ್ತಿತ್ತು.

"ನನ್ನ ಶುಗರ್ ಹೋಗಿಲ್ಲ," ಎಂದೆ. "ಸ್ವಾಮಿ ಹೆಸರ ತಗೊಂಡು ನನ್ನ ದೊಡ್ಡಸ್ತನ ಹೇಳೀನಿ. ನನಗ ಪ್ರಾರ್ಥನಾ ಮಾಡ್ರಿ."

ಯಾರೂ ಹಲ್ಲೆಲೂಯ ಎನ್ನಲಿಲ್ಲ.

ರಾಹೇಲವ್ವ ಗೋಡೆ ಹಿಡಿದುಕೊಂಡು ಬಂದಳು. ತಡಕಾಡಿ ನನ್ನ ತಲೆಯ ಮೇಲೆ ಕೈಯಿಟ್ಟಳು. "ಸ್ವಾಮೀ, ಈ ಸೊಕ್ಕಿನ ಮಗನ ಕಾಲ ಉಳಸು. ನಮ್ಮಿಬ್ಬರಿಗೂ ಗುಳಿಗಿ ತಿನ್ನೂ ಬುದ್ಧಿ ಕೊಡು."

ಪಾದದ ಬಗ್ಗೆ ಡಾಕ್ಟರ್ ಇನ್ನೂ ಖಚಿತವಾಗಿ ಹೇಳಿಲ್ಲ. ಆಕೆಯ ಕಣ್ಣೂ ತಿಳಿಯಾಗಿಲ್ಲ. ದಿನಾ ಮುಂಜಾನೆ ಫೋನ್ ಮಾಡುತ್ತೇನೆ.

"ತಗೊಂಡಿಯೇನವ್ವಾ?"

"ತಗೊಂಡೀನಪಾ. ನೀ?"

ಆಮೇಲೆ ಆಕೆ ಪ್ರಾರ್ಥಿಸುತ್ತಾಳೆ. ನಾನು ಆಮೆನ್ ಎನ್ನುತ್ತೇನೆ.