ಬೆಟ್ಟವೋ ಬೇಟವೋ

ನನ್ನ ಸೊಸೆ, ಅಂದರೆ ನಿಮ್ಮ ಆಯಿ, ಮೊದಲ ಸಲ ಹಡಗು ಹತ್ತಬೇಕಾಗಿದ್ದ ವರ್ಷದ ಮಾತು ಇದು. ಆಗ ನಿಮ್ಮಲ್ಲಿ ದೊಡ್ಡವಳಿಗೆ ಎರಡು ವರ್ಷ, ಚಿಕ್ಕವನು ಇನ್ನೂ ಹುಟ್ಟಿರಲಿಲ್ಲ. ನಾನು ಊರು ಬಿಟ್ಟು ಪುಣೆಯ ಕೊಂಢವಾದಲ್ಲಿರುವ ಈ ಮನೆಗೆ ಬಂದು ಬಹಳ ದಿನವಾಗಿರಲಿಲ್ಲ. ನಿಮ್ಮ ಅಪ್ಪ ಬೆಳಗಾಗುತ್ತಲೇ ಚಾಕಣದ ಕಾರ್ಖಾನೆ ಬಸ್ಸು ಹಿಡಿಯುತ್ತಿದ್ದ. ಮರಾಠಿ ಕೇಳಿದರೆ ತಿಳಿಯುತ್ತಿತ್ತು, ಆಡಲು ಬರುತ್ತಿದ್ದುದು ಕಾಯಿಪಲ್ಯೆ ಕೊಳ್ಳುವಷ್ಟು ಮಾತ್ರ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಕನ್ನಡದಲ್ಲೂ ಕಷ್ಟವೇ.

ನಿಮ್ಮ ಆಯಿ ಓದಿದ್ದು ಸಮುದ್ರದ ತಳದ ಕಲ್ಲುಗಳ ಬಗ್ಗೆ. ನೀರಿನೊಳಗೆ ಒಂದು ಕಾಲಕ್ಕೆ ಬೆಂಕಿ ಕಾರಿದ ಬೆಟ್ಟಗಳಿವೆಯಂತೆ. ಅಂಥ ಒಂದರ ಮೇಲೆ ಹಡಗು ನಿಲ್ಲಿಸಿ, ಕೆಳಗಿನಿಂದ ಕಲ್ಲು ಎತ್ತಿ ತರುವ ಕೆಲಸ. ಎರಡು ತಿಂಗಳು. ಮದುವೆಗೆ ಮೊದಲಿನಿಂದ ಆಕೆ ಕಾದಿದ್ದ ಅವಕಾಶ ಅದು. ಆದರೆ ಕೂಸಿನ ಹಿಂದೆ ಓಡಲು ನನ್ನ ಮೊಣಕಾಲು ಒಪ್ಪುತ್ತಿರಲಿಲ್ಲ. ಆಕೆಯ ತಾಯಿ, ನಿಮ್ಮ ಸಾತಾರದ ಆಜಿ, ಬಂದು ಇದ್ದರೆ ಮಾತ್ರ ಆಕೆ ಹೋಗುವಂತಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ನಾನು, ಕೂಸು ಇಬ್ಬರೇ. ಆಜಿಯ ಫೋನ್ ಬಂತು. ಮಗಳು ಹೊರಟಿರುವುದು ಎಲ್ಲಿಗೆ ಎಂದು ಕೇಳಿದರು. ಗುಡ್ಡಕ್ಕೆ ಮರಾಠಿಯಲ್ಲಿ ಡೋಂಗರ ಎನ್ನುತ್ತಾರೆಂದು ಈಗ ಗೊತ್ತು, ಆಗ ನಾಲಿಗೆಗೆ ಬರಲಿಲ್ಲ. ಗಾಬರಿಯಾದಾಗ ನನಗೆ ಶಾಲೆಯ ಪುಸ್ತಕದ ಕನ್ನಡವೇ ಬರುತ್ತದೆ. “ಸಮುದ್ರಾತ್ ಬೆಟ್ಟ ಆಹೆ, ತಿಕಡೆ” ಎಂದೆ. ಸಮುದ್ರದಲ್ಲಿ ಬೆಟ್ಟ ಇದೆ, ಅಲ್ಲಿಗೆ ಎಂಬ ಅರ್ಥದಲ್ಲಿ. ಫೋನ್ ಕಟ್ ಆಯಿತು.

ಮರುದಿನ ಆಜಿ ಕಾತ್ರಜದಲ್ಲಿ ಬಸ್ಸಿಳಿದು, ರಿಕ್ಷಾ ಹಿಡಿದು ಬಂದೇಬಿಟ್ಟರು. ನಾನು, ನಿಮ್ಮ ಆಯಿ ಟೆರೇಸಿನ ಮೇಲೆ ಸಾಬೂದಾಣಿ ಸಂಡಿಗೆ ಇಡುತ್ತಿದ್ದೆವು. ತಾಯಿ ಮಗಳು ಮರಾಠಿಯಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ವಿಹೀಣಬಾಯಿ,” ಎಂದರು ಆಜಿ. ಮರಾಠಿಯಲ್ಲಿ ಬೀಗತಿಯನ್ನು ಹಾಗೆ ಕರೆಯುತ್ತಾರೆ. “ನೀವರೆ ಬ್ಯಾಡ ಅನಬಾರದೇನ್ರಿ? ಕೂಸು ಬಿಟ್ಟು ಎರಡು ತಿಂಗಳು ಬೇಟದ ಮ್ಯಾಲ ಇರತಾಳಂತ! ಸುತ್ತೂ ನೀರು, ಕೆಳಗ ಬೆಂಕಿ!”

ಬೇಟ ಎಂದರೆ ಮರಾಠಿಯಲ್ಲಿ ದ್ವೀಪ. ನನ್ನ ಬೆಟ್ಟ ಅವರ ಕಿವಿಯಲ್ಲಿ ದ್ವೀಪವಾಗಿತ್ತು.

ನಿಮ್ಮ ಆಯಿಗೆ ನಗು ತಡೆಯಲಿಲ್ಲ. ಆಜಿ ಇನ್ನೂ ಸಿಟ್ಟಾದರು. “ನಗಬ್ಯಾಡ. ನಾ ಕೂಸಿನ್ನ ನೋಡಂಗಿಲ್ಲ. ಅದೆಂಗ ಹೋಗ್ತಿ, ಹೋಗು!”

ನಿಮ್ಮ ಆಯಿಯ ಮುಖ ಸಣ್ಣದಾಯಿತು. ಆಮೇಲೆ ಅರ್ಧ ಒಣಗಿದ ಸಂಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

“ಆಯಿ, ಇಲ್ಲಿ ನೋಡು. ಸಮುದ್ರದ ತಳ ಬಿರುಕು ಬಿಟ್ಟಲ್ಲಿ ಕರಗಿದ ಕಲ್ಲು ಮ್ಯಾಲ ಬರತದ. ತಣ್ಣೀರು ತಾಗಿದ ಕೂಡಲೆ ಮ್ಯಾಲ ಸಿಪ್ಪಿ ಕಟ್ಟತದ. ಒಳಗಿನ್ನೂ ಹಸಿ, ಈ ಸಂಡಿಗಿಗತೆ.” ಬೆರಳಿನಿಂದ ಒತ್ತಿದಳು. ಅಂಚು ಒಡೆದು ಹಸಿ ಹಿಟ್ಟು ಪಕ್ಕಕ್ಕೆ ಉಬ್ಬಿ ನಿಂತಿತು. “ಹಿಂಗ ಒಡದು ಬಾಜೂಕ ಒಂದು, ಅದರ ಮ್ಯಾಲ ಒಂದು, ದಿಂಬು ಒಟ್ಟಿದಂಗ. ಲಕ್ಷಗಟ್ಟಲೆ ವರ್ಷ ಒಟ್ಟಿ ಒಟ್ಟಿ ಬೆಟ್ಟ ಆಗತದ.”

“ಬಾಯಿಲೆ ಹೇಳು. ಸಂಡಿಗಿ ಯಾಕ ಕೆಡಸ್ತಿ?” ಎಂದರು ಆಜಿ. ಆದರೆ ಬಗ್ಗಿ ನೋಡುತ್ತಿದ್ದರು.

“ಅತ್ತೆಯವರು ಅಂದಿದ್ದೂ ಖರೇ, ನೀ ಕೇಳಿದ್ದೂ ಖರೇ. ಮೊದಲ ನೀರಾಗಿನ ಬೆಟ್ಟ ಇತ್ತು. ಬೆಳದು ನೀರು ದಾಟಿ ಬೇಟ ಆತು. ಬೆಂಕಿ ಆರಿತು. ತೆರಿ ಬಡದು ಬಡದು ತಲಿ ಸಪಾಟ ಆತು. ಕೆಳಗಿನ ನೆಲ ತಣ್ಣಗಾಗಿ ಕುಸೀತು, ಅದೂ ಸಂಗಾಟ ಇಳೀತು. ಈಗ ಮತ್ತ ನೀರಾಗಿನ ಬೆಟ್ಟ. ಅದರ ಮ್ಯಾಲ ನಾ ಕಾಲ ಇಡಂಗಿಲ್ಲ ಆಯಿ. ಹಡಗಿನ್ಯಾಗ ನಿಂತು ಹಗ್ಗ ಬಿಟ್ಟು ಕಲ್ಲು ಎತ್ತತೀವಿ.”

ನಾನು ಸಂಡಿಗೆ ಇಡುವುದನ್ನೇ ಮರೆತಿದ್ದೆ. ಹುಟ್ಟಿದಾಗಿನಿಂದ ಕರಿಕಲ್ಲಿನ ಮೇಲೆ ಬಟ್ಟೆ ಒಗೆದವಳು ನಾನು. ಕಲ್ಲೂ ಒಂದು ಕಾಲಕ್ಕೆ ಹಿಟ್ಟಿನ ಹಾಗೆ ಮೆತ್ತಗಿತ್ತು, ಬೆಟ್ಟಕ್ಕೂ ಬೆಳೆಯುವ, ಬಾಗುವ ಆಯುಷ್ಯವಿದೆ ಎಂದು ಎಂದೂ ಅಂದುಕೊಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನಿಮ್ಮ ಆಯಿಯನ್ನೇ ನೋಡುತ್ತಿದ್ದೆ. ನಮ್ಮಿಬ್ಬರಲ್ಲಿ ಯಾರದು ತಪ್ಪು ಎಂದು ಆಕೆ ಹೇಳಲಿಲ್ಲ. ಎರಡು ಭಾಷೆಯ ಎರಡು ಮಾತುಗಳನ್ನು ಜೋಡಿಸಿ, ಯಾರೂ ಕಣ್ಣಲ್ಲಿ ಕಾಣದ ಬೆಟ್ಟವನ್ನು ಟೆರೇಸಿಗೆ ತಂದು ನಿಲ್ಲಿಸಿದಳು. ಬೆರಳಿಗೆ ಇನ್ನೂ ಹಿಟ್ಟು ಹತ್ತಿತ್ತು.

ಆಜಿ ಸೆರಗಿನಿಂದ ಮುಖ ಒರೆಸಿಕೊಂಡರು. “ಈಗೂ ಮುಳಗಾಕ ಹತ್ತೇದೇನು ಅದು?”

“ಹೌದು. ಭಾಳ ಸಾವಕಾಶ.”

“ಮತ್ತ ಇಲ್ಲಿ ಕುಂತು ಏನ್ ಮಾಡ್ತಿ? ಪೂರಾ ಮುಳುಗೂದ್ರೊಳಗ ಹೋಗಿ ನೋಡಿ ಬಾ. ಕೂಸಿನ್ನ ನಾ ನೋಡ್ತೀನಿ.” ಆಮೇಲೆ ನನ್ನ ಕಡೆ ತಿರುಗಿದರು. “ವಿಹೀಣಬಾಯಿ, ಆಕಿ ಬರೂತನಕ ನೀವು ಮಾತ್ರ ಫೋನ್ ಎತ್ತಬ್ಯಾಡ್ರಿ.”

ಬೀಗತಿಯ ಎದುರು ನಾನು ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು.